ಮಂಜುಗಡ್ಡೆಯ ಕೆಳಗಿನ ಮೀನು

ಕುಂದಾಪುರದ ಕಡಲ ತೀರದಲ್ಲಿ ಹುಟ್ಟಿ ಬೆಳೆದ ನಮಗೆ ಮೀನೂ ಹೊಸದಲ್ಲ, ಮೀನು ಹಿಡಿಯುವುದೂ ಹೊಸದಲ್ಲ. ದೋಣಿಯಿಂದ ಬಲೆ ಬೀಸುವುದನ್ನೂ ಹೊಳೆಯ ದಡದಲ್ಲಿ ಕುಳಿತು ಗಾಳ ಹಾಕುವುದನ್ನೂ ಚಿಕ್ಕಂದಿನಿಂದ ಕಂಡವರು ನಾವು. ಆದರೆ ಸರೋವರದ ನಡುವೆ ಕುರ್ಚಿ ಹಾಕಿ ಕುಳಿತು ಕಾಲ ಕೆಳಗಿನಿಂದಲೇ ಮೀನೆತ್ತುವುದನ್ನು ಮಾತ್ರ ಕಂಡಿರಲಿಲ್ಲ. ಅಮೆರಿಕದ ಉತ್ತರದ ಅಂಚಿನಲ್ಲಿರುವ ಮಿನೆಸೋಟ ರಾಜ್ಯದಲ್ಲಿ ನೆಲಸಿರುವ ನಮ್ಮ ತಂಗಿಯ ಮನೆಗೆ ಒಂದು ಜನವರಿಯಲ್ಲಿ ಹೋಗಿದ್ದಾಗ ಆ ಕುತೂಹಲವೂ ತೀರಿತು. ಹತ್ತು ಎಕರೆಗೆ ಕಡಿಮೆಯಿಲ್ಲದ ಸರೋವರಗಳೇ ಆ ರಾಜ್ಯದಲ್ಲಿ 11,842 ಇವೆ. ಚಳಿಗಾಲದಲ್ಲಿ ಅವು ಹೆಪ್ಪುಗಟ್ಟುತ್ತವೆ. ರಜೆ ಬಂದಿತೆಂದರೆ ಸಂಸಾರ ಸಂಸಾರಗಳೇ ಅವುಗಳ ಮೇಲೆ ಬಿಡಾರ ಹೂಡುತ್ತವೆ.

ನಮ್ಮನ್ನು ಕರೆದೊಯ್ದವರು ನೆರೆಮನೆಯ ಹಿರಿಯರೊಬ್ಬರು. ಅಂದು ಬೆಳಿಗ್ಗೆ ಗಾಳಿಯ ಉಷ್ಣತೆ ಸೊನ್ನೆಗಿಂತ 15 ಡಿಗ್ರಿ ಸೆಂಟಿಗ್ರೇಡ್ ಕೆಳಗಿತ್ತು. ಅವರು ಒಂದು ಕಬ್ಬಿಣದ ಹಾರೆಯನ್ನು ಹಿಡಿದು ಎಲ್ಲರಿಗಿಂತ ಮುಂದೆ ನಡೆದರು. ಕೆಲವು ಹೆಜ್ಜೆಗಳಿಗೊಮ್ಮೆ ಕೆಳಗೆ ಕುಟ್ಟಿ, ಆ ಸದ್ದನ್ನು ಕೇಳಿ, ಮತ್ತೆ ಮುಂದುವರಿದರು. ಅವರ ಹೆಜ್ಜೆಯ ಜಾಡಿನಲ್ಲಿಯೇ ನಾವು ನಡೆದೆವು. ಒಂಬತ್ತು ವರ್ಷದ ಸೋದರಳಿಯ ಕೇಳಿದ: “ಮಾವ, ಮೇಲೆಲ್ಲ ಹೀಗೆ ಕಲ್ಲಾಗಿರುವಾಗ ಒಳಗಿನ ಮೀನುಗಳು ಸಾಯುವುದಿಲ್ಲವೆ?”

ಇದು ಒಳ್ಳೆಯ ಪ್ರಶ್ನೆ. ಬಹುಮಟ್ಟಿಗೆ ಎಲ್ಲ ದ್ರವಗಳೂ ತಣಿದಷ್ಟೂ ಕುಗ್ಗಿ ಭಾರವಾಗುತ್ತವೆ. ನೀರು ಕೂಡ 4 ಡಿಗ್ರಿಯವರೆಗೆ ಈ ನಿಯಮವನ್ನು ಪಾಲಿಸುತ್ತದೆ. ಶರತ್ಕಾಲದಲ್ಲಿ ಸರೋವರದ ಮೇಲಿನ ನೀರು ತಣಿದು, ಭಾರವಾಗಿ ತಳಕ್ಕಿಳಿಯುತ್ತದೆ. ತಳದ ನೀರು ಮೇಲೇರುತ್ತದೆ. ಸರೋವರವೆಲ್ಲ 4 ಡಿಗ್ರಿಗೆ ಬಂದ ಮೇಲೆ ಈ ಆಟ ಮುಗಿಯುತ್ತದೆ. ಏಕೆಂದರೆ ಅದಕ್ಕಿಂತ ಹೆಚ್ಚು ತಣಿದ ನೀರು ಕುಗ್ಗುವ ಬದಲು ಹಿಗ್ಗಿ, ಹಗುರಾಗಿ, ಮೇಲೆಯೇ ನಿಲ್ಲುತ್ತದೆ. ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವಾಗ ಇನ್ನೂ ಸುಮಾರು ನೂರಕ್ಕೆ 9 ಪಾಲು ಹಿಗ್ಗುತ್ತದೆ. ಆದುದರಿಂದ ಮಂಜುಗಡ್ಡೆ ಮುಳುಗದೆ ತೇಲುತ್ತದೆ. ಮೇಲೆ ಮಂಜಿನ ಮುಚ್ಚಳ, ಅದಕ್ಕೆ ತಗುಲಿದಂತೆ ಸೊನ್ನೆ ಡಿಗ್ರಿಯ ನೀರು, ತಳದಲ್ಲಿ ಸುಮಾರು 4 ಡಿಗ್ರಿಯ ನೀರು: ಇದೇ ಚಳಿಗಾಲದ ಸರೋವರ. ನೀರಿಗೆ ಈ ವಿಚಿತ್ರ ಗುಣ ಇಲ್ಲದೆ ಹೋಗಿದ್ದರೆ ಸರೋವರ ತಳದಿಂದಲೇ ಗಟ್ಟಿಯಾಗುತ್ತ ಬರುತ್ತಿತ್ತು. ಮೀನಿಗೆ ಉಳಿಯಲು ಎಡೆಯೇ ಇರುತ್ತಿರಲಿಲ್ಲ. ನಮ್ಮ ಕಾಲಿಗೆ ನೆಲವನ್ನೂ ಮೀನಿಗೆ ಮನೆಯನ್ನೂ ಒದಗಿಸಿರುವುದು ಒಂದೇ ಗುಣ.

ಬಿಡಾರದ ಜಾಗ ತಲುಪಿದೊಡನೆ ಹಿರಿಯರು ಆಳೆತ್ತರದ ಬೈರಿಗೆಯಿಂದ ಮಂಜುಗಡ್ಡೆಯನ್ನು ಕೊರೆದರು. ರಂಧ್ರದೊಳಕ್ಕೆ ಅಳತೆಗೋಲನ್ನು ಇಳಿಸಿ ನೋಡಿದರೆ ದಪ್ಪ 10 ಅಂಗುಲ. ಹೊಸದಾಗಿ ಕಟ್ಟಿದ, ಗಾಜಿನಂತೆ ತಿಳಿಯಾದ ಮಂಜುಗಡ್ಡೆ 4 ಅಂಗುಲ ದಪ್ಪವಿದ್ದರೆ ಮನುಷ್ಯರು ಅದರ ಮೇಲೆ ನಡೆಯಬಹುದೆಂದು ಅಲ್ಲಿಯ ಸರಕಾರದ ಇಲಾಖೆ ತಿಳಿಸುತ್ತದೆ. ಮಂಜುಹುಡಿ ನೆನೆದು ಗಟ್ಟಿಯಾಗಿ ಉಂಟಾದ ಬಿಳಿಯ ಮಂಜುಗಡ್ಡೆಗೆ ಇದರ ಅರ್ಧದಷ್ಟೇ ಬಲ. ಆದುದರಿಂದ ಅದರ ದಪ್ಪ ಎರಡರಷ್ಟಿರಬೇಕು.

ಒಳಗಿನ ಮೀನುಗಳಿಗೆ ಉಸಿರಾಟದ ಚಿಂತೆಯೂ ಆರಂಭದಲ್ಲಿ ಇರುವುದಿಲ್ಲ. ನೀರು ತಣ್ಣಗಿದ್ದಷ್ಟೂ ಹೆಚ್ಚು ಆಮ್ಲಜನಕವನ್ನು ಕರಗಿಸಿಕೊಳ್ಳುತ್ತದೆ. 25 ಡಿಗ್ರಿಯಲ್ಲಿ ಒಂದು ಲೀಟರು ನೀರಿನಲ್ಲಿ ಸುಮಾರು 8 ಮಿಲಿಗ್ರಾಮ್ ಆಮ್ಲಜನಕ ಹಿಡಿದರೆ, ಸೊನ್ನೆ ಡಿಗ್ರಿಯ ಬಳಿ ಸುಮಾರು 14 ಮಿಲಿಗ್ರಾಮ್ ಹಿಡಿಯುತ್ತದೆ. ಇತ್ತ ಮೀನಿನ ದೇಹವೂ ನೀರಿನಷ್ಟೇ ತಣ್ಣಗಾಗಿ ಅದರ ಜೀವವ್ಯಾಪಾರ ಮಂದವಾಗುತ್ತದೆ. ಕಡಿಮೆ ತಿಂದು, ಕಡಿಮೆ ಉಸಿರಾಡಿ ಅದು ದಿನ ಕಳೆಯುತ್ತದೆ. ಆದರೆ ಆಳವಿಲ್ಲದ ಸರೋವರಗಳ ಮೇಲೆ ದಪ್ಪನಾಗಿ ಮಂಜು ಕವಿದು ಬೆಳಕು ಒಳಗಿಳಿಯದೆ ಹೋದರೆ ನೀರಿನೊಳಗಿನ ಸಸ್ಯಗಳು ಆಮ್ಲಜನಕವನ್ನು ತಯಾರಿಸಲಾರವು. ಕೊಳೆಯುವ ಎಲೆಕಸ ಇದ್ದುದನ್ನೂ ಕಬಳಿಸುತ್ತದೆ. ಅಂಥ ವರ್ಷಗಳಲ್ಲಿ ವಸಂತ ಬರುವ ವೇಳೆಗೆ ಮೀನುಗಳು ಹಿಂಡುಹಿಂಡಾಗಿ ಸತ್ತಿರುವುದುಂಟು.

ಚಳಿಗಾಲದ ಮೀನಿಗೆ ಅವಸರವಿಲ್ಲದ ಕಾರಣ ಗಾಳ ಹಾಕುವವನಿಗೂ ಅವಸರ ಸಲ್ಲದು. ಮೊಳದುದ್ದದ ಕೋಲು, ಎಳೆಯಷ್ಟು ತೆಳುವಾದ ದಾರ, ಪುಟ್ಟ ಎರೆ. ಅದನ್ನು ತಳದ ಸಮೀಪಕ್ಕೆ ಇಳಿಸಿ ಮೆಲ್ಲಗೆ ಅಲುಗಿಸುತ್ತಿರಬೇಕು. ಮಧ್ಯಾಹ್ನದೊಳಗೆ ಯೆಲ್ಲೊ ಪರ್ಚ್ ಎಂಬ, ಮೈಮೇಲೆ ಪಟ್ಟೆಗಳಿರುವ ಹನ್ನೊಂದು ಮೀನುಗಳು ಸಿಕ್ಕಿದವು. ವಾಲ್‌ಐ ಎಂಬ ದೊಡ್ಡ ಮೀನಿಗಾಗಿ ಮುಸ್ಸಂಜೆಯವರೆಗೆ ಕಾಯಬೇಕೆಂದು ಹಿರಿಯರು ಹೇಳಿದರು. ಬೆಕ್ಕಿನ ಕಣ್ಣಿನಲ್ಲಿರುವಂತೆ ಅದರ ಕಣ್ಣಿನ ಹಿಂಬದಿಯಲ್ಲಿಯೂ ಬೆಳಕನ್ನು ಮರಳಿಸುವ ಪದರವೊಂದಿದೆ; ಅದರ ಸಹಾಯದಿಂದ ಅದು ಮಬ್ಬಿನಲ್ಲಿ ಬೇಟೆಯಾಡುತ್ತದೆ.

ಈ ನಡುವೆ ಹುಡುಗನಿಗೆ ಬೇಸರವಾಯಿತು. ಸರೋವರದ ಆಚೆಯ ಬದಿಯಲ್ಲಿ ಬಣ್ಣಬಣ್ಣದ ಗುಡಾರಗಳು ಕಾಣುತ್ತಿದ್ದವು. ತೊರೆಯೊಂದು ಬಂದು ಸೇರುವ ಮೂಲೆಯನ್ನು ಹಾಯ್ದರೆ ಅಲ್ಲಿಗೆ ಹತ್ತಿರದ ದಾರಿ. ಅವನು ಅತ್ತ ಹೊರಟದ್ದನ್ನು ನಾವು ಗಮನಿಸಲಿಲ್ಲ, ಹಿರಿಯರು ಗಮನಿಸಿದರು. ಗಟ್ಟಿಯಾಗಿ ಕೂಗಿ ಅವನನ್ನು ನಿಲ್ಲಿಸಿ, ಹಾರೆಯಿಂದ ಕುಟ್ಟುತ್ತ ಅವನಿದ್ದಲ್ಲಿಗೆ ಹೋದರು. ಅವನಿಗಿಂತ ಏಳೆಂಟು ಹೆಜ್ಜೆ ಮುಂದೆ ಕೈಚಾಚಿ ಕುಟ್ಟಿದಾಗ ಸದ್ದು ಬೇರೆಯಾಯಿತು. ಎರಡನೆಯ ಏಟಿಗೆ ಕಪ್ಪು ನೀರು ಉಕ್ಕಿತು. ಅಲ್ಲಿಯ ದಪ್ಪ ಎರಡು ಬೆರಳಿನಷ್ಟೂ ಇರಲಿಲ್ಲ. ಮೇಲಿನ ಮಂಜು ಮಾತ್ರ ಬೇರೆಡೆಯಲ್ಲಿದ್ದಂತೆಯೇ ಬೆಳ್ಳಗೆ, ನುಣ್ಣಗೆ ಹಾಸಿತ್ತು. ಅವರು ಹುಡುಗನ ಕೈ ಹಿಡಿದು, ಬಂದ ಹೆಜ್ಜೆಗಳ ಮೇಲೆಯೇ ಹಿಂದಕ್ಕೆ ಬಂದರು. ನಮ್ಮ ತಂಗಿ ಬಹಳ ಹೊತ್ತು ಮಾತಾಡಲಿಲ್ಲ.

ಒಂದೇ ಸರೋವರದಲ್ಲಿ, ಕೂಗಳತೆಯೊಳಗೆ, ಇಷ್ಟು ಅಂತರವೇಕೆ? ಒಂದು ಗ್ರಾಮ್ ನೀರು ಹೆಪ್ಪುಗಟ್ಟಬೇಕಾದರೆ 80 ಕ್ಯಾಲೊರಿ ಶಾಖವನ್ನು ಬಿಟ್ಟುಕೊಡಬೇಕು. ಆ ಶಾಖ ಮೇಲಿನ ಮಂಜುಗಡ್ಡೆಯನ್ನು ದಾಟಿಯೇ ಗಾಳಿಗೆ ಸೇರಬೇಕು. ಆದುದರಿಂದ ಮೊದಲ ಅಂಗುಲ ಬೇಗ ಕಟ್ಟುತ್ತದೆ. ಅನಂತರ ದಪ್ಪ ಹೆಚ್ಚಿದಂತೆಲ್ಲ ಬೆಳವಣಿಗೆ ನಿಧಾನವಾಗುತ್ತದೆ. ಮೇಲೆ ಮಂಜು ಬಿದ್ದರಂತೂ, ಅದರ ಕಣಗಳ ನಡುವೆ ಸೆರೆಯಾದ ಗಾಳಿ ಕಂಬಳಿಯಂತೆ ಶಾಖವನ್ನು ತಡೆಯುತ್ತದೆ. ಮಂಜು ಹೆಚ್ಚಾಗಿರುವಲ್ಲಿ ಮಂಜುಗಡ್ಡೆ ಗಟ್ಟಿಯಾಗಿರಬೇಕೆಂದು ನಾವು ಎಣಿಸುತ್ತೇವೆ; ನಿಜಸ್ಥಿತಿ ಅನೇಕ ವೇಳೆ ಇದಕ್ಕೆ ವಿರುದ್ಧ. ತೊರೆ ಸೇರುವಲ್ಲಿ, ಬುಗ್ಗೆ ಏಳುವಲ್ಲಿ, ಹರಿಯುವ ನೀರು ಕೆಳಗಿನಿಂದ ಎಡೆಬಿಡದೆ ಶಾಖವನ್ನು ತಂದು ಮುಟ್ಟಿಸುತ್ತದೆ. ಆ ಮೂಲೆಯಲ್ಲಿ ಈ ಎರಡು ಕಾರಣಗಳೂ ಕೂಡಿದ್ದವು. ಅಲ್ಲಿಯ ಜನ ಕೊರಳಿಗೆ ಎರಡು ಮೊನಚಾದ ಸಣ್ಣ ಚಾಣಗಳನ್ನು ಕಟ್ಟಿಕೊಳ್ಳುವುದು ಇಂಥ ವಿಪತ್ತಿಗಾಗಿಯೇ. ಬಿದ್ದವನು ತಾನು ಬಂದ ಕಡೆಗೇ ತಿರುಗಿ, ಅವನ್ನು ಅಂಚಿಗೆ ನೆಟ್ಟು, ಕಾಲು ಬಡಿಯುತ್ತ ಮೇಲೆ ಬಂದು, ಎದ್ದು ನಿಲ್ಲದೆ ಉರುಳುತ್ತ ದೂರ ಸರಿಯಬೇಕು.

ಈ ಎಚ್ಚರ ಈಗ ಮೊದಲಿಗಿಂತ ಹೆಚ್ಚು ಬೇಕಾಗಿದೆ. ಕಳೆದ ಅರ್ಧ ಶತಮಾನದಲ್ಲಿ ಮಿನೆಸೋಟದ ಸರೋವರಗಳು ಹೆಪ್ಪುಗಟ್ಟಿರುವ ಅವಧಿ ಸರಾಸರಿ 10ರಿಂದ 14 ದಿನಗಳಷ್ಟು ಕಡಿಮೆಯಾಗಿದೆ. 2023-24ರ ಚಳಿಗಾಲವು ಅಲ್ಲಿಯ ದಾಖಲೆಗಳಲ್ಲಿಯೇ ಅತಿ ಬೆಚ್ಚಗಿನದಾಗಿತ್ತು. ತಿಂಗಳ ಹೆಸರನ್ನು ನಂಬಿ ಹೆಜ್ಜೆಯಿಡುವಂತಿಲ್ಲ, ಅಳೆದು ನೋಡಬೇಕು.

ಮುಸ್ಸಂಜೆಗೆ ಒಂದು ವಾಲ್‌ಐ ಸಿಕ್ಕಿತು. ಹಿಡಿದ ಮೀನೆಲ್ಲ ಅಷ್ಟರಲ್ಲಿ ಮಂಜಿನ ಮೇಲೆಯೇ ಸೆಟೆದುಕೊಂಡಿದ್ದುವು. ಮೀನಿಗೆ ಇದು ಒಳ್ಳೆಯದೇ. ತಣ್ಣನೆಯ ನೀರಿನಲ್ಲಿ ಬಾಳುವ ಮೀನಿನ ಕಿಣ್ವಗಳು ತಂಪಿನಲ್ಲಿಯೂ ಕೆಲಸ ಮಾಡಬಲ್ಲವಾದ್ದರಿಂದ ಕುರಿಯ ಮಾಂಸವನ್ನು ಕಾಪಾಡುವಷ್ಟು ತಂಪು ಮೀನಿಗೆ ಸಾಲದು.

ಮನೆಯಲ್ಲಿ ತಂಗಿ ಮೀನಿನ ಹುರುಪೆ ತೆಗೆದು, ಕೆಂಪು ಮೆಣಸು, ಅರಸಿನ, ಉಪ್ಪು, ಹುಣಿಸೆಹುಳಿಗಳ ಮಸಾಲೆ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿದಳು. ಕೆರೆಯ ಮೀನಿಗೆ ಕೆಲವೊಮ್ಮೆ ಬರುವ ಮಣ್ಣಿನ ವಾಸನೆಗೆ, ಪಾಚಿಯ ಜಾತಿಯ ಸೂಕ್ಷ್ಮಜೀವಿಗಳು ಉಂಟುಮಾಡುವ ಜಿಯೋಸ್ಮಿನ್ ಎಂಬ ವಸ್ತು ಕಾರಣ. ಹುಳಿ ಅದನ್ನು ಒಡೆಯುತ್ತದೆ. ನಮ್ಮ ಅಜ್ಜಿಯಂದಿರು ಈ ಹೆಸರನ್ನು ಕೇಳಿರಲಿಲ್ಲ, ಆದರೆ ಹುಳಿಯನ್ನು ಮರೆತಿರಲಿಲ್ಲ. ಮೀನು ಕಾವಲಿಯಲ್ಲಿ ಕೆಲವೇ ನಿಮಿಷ ಇದ್ದರೆ ಸಾಕು. ನೀರೇ ಅದರ ಭಾರವನ್ನು ಹೊರುವುದರಿಂದ ಮೀನಿನ ಸ್ನಾಯುಗಳನ್ನು ಕಟ್ಟಿಹಿಡಿಯಲು ನೆಲದ ಪ್ರಾಣಿಗಳಿಗಿರುವಷ್ಟು ಬಲವಾದ ಪೊರೆಗಳು ಬೇಕಿಲ್ಲ. ಇರುವ ತೆಳು ಪೊರೆಗಳೂ ಸುಮಾರು 50 ಡಿಗ್ರಿಯಲ್ಲಿಯೇ ಕರಗತೊಡಗುತ್ತವೆ. ಮಾಂಸ ಎಸಳೆಸಳಾಗಿ ಬಿಡಿಸಿಕೊಳ್ಳುತ್ತದೆ. ಹಾಗೆಂದು ಅರೆಬೇಯಿಸಬಾರದು. ಆ ಸರೋವರಗಳ ಮೀನಿನಲ್ಲಿ ಲಾಡಿಹುಳುವಿನ ಮರಿಗಳಿರುವ ಸಂಭವವುಂಟು. ಗಾಜಿನಂತಿದ್ದ ಮಾಂಸ ಒಳಗಿನವರೆಗೂ ಬೆಳ್ಳಗಾಗಬೇಕು.

ಬಿಸಿ ಅನ್ನದೊಡನೆ ಬಡಿಸಿದ ಆ ಪರ್ಚ್ ನಮ್ಮೂರ ಕಾಣೆ ಮೀನಿಗೆ ಸೋಲುವಂತಿರಲಿಲ್ಲ. ನೆರೆಮನೆಯ ಹಿರಿಯರೂ ಕಣ್ಣೊರೆಸಿಕೊಳ್ಳುತ್ತಲೇ ಎರಡನೆಯ ಸಲ ಬಡಿಸಿಕೊಂಡರು. ಮರುವಾರ ಮತ್ತೆ ಸರೋವರಕ್ಕೆ ಹೋದಾಗ ಹಾರೆ ಹುಡುಗನ ಕೈಯಲ್ಲಿತ್ತು. ಹಿರಿಯರು ಅವನ ಪಕ್ಕದಲ್ಲಿ ನಡೆಯುತ್ತಿದ್ದರು. ಕೆಲವು ಹೆಜ್ಜೆಗಳಿಗೊಮ್ಮೆ ಅವನು ನಿಂತು, ಕುಟ್ಟಿ, ತಲೆಬಾಗಿಸಿ ಕೇಳುತ್ತಿದ್ದ. ಅವನು ಮುಂದಕ್ಕೆ ಹೆಜ್ಜೆಯಿಡುವವರೆಗೆ ನಾವು ಹಿಂದೆ ಕಾಯುತ್ತಿದ್ದೆವು.