ಗಟ್ಟಿ ಕಾರು ಎಂದರೆ ಸುರಕ್ಷಿತ ಕಾರೇ?



ಮೈಸೂರಿನಿಂದ ಹುಣಸೂರಿನ ಕಡೆ ಹೊರಟರೆ ಹಿನಕಲ್ ಬಳಿ ಹೊರವರ್ತುಲ ರಸ್ತೆ ಅಡ್ಡ ಬರುತ್ತದೆ. ಈಗ ಅಲ್ಲಿ ಮೇಲ್ಸೇತುವೆ ಇದೆ. ಅದು ಇಲ್ಲದಿದ್ದ ಕಾಲದಲ್ಲಿ, ನಾನು ಬಿ.ಎಸ್ಸಿ. ಓದುತ್ತಿದ್ದಾಗ, ಪರಿಚಿತರೊಬ್ಬರು ತಮ್ಮ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನಲ್ಲಿ ನನ್ನನ್ನು ಈ ದಾರಿಯಲ್ಲಿ ಕರೆದೊಯ್ದಿದ್ದರು. ಆಗ ತಾನೇ ಮಳೆ ನಿಂತಿತ್ತು. ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬರು ಊರೊಳಗಿನಿಂದ ರಸ್ತೆಗೆ ಬಂದರು. ನಮ್ಮವರು ಬ್ರೇಕ್ ಒತ್ತಿದರು. ಕಾರು ನಿಧಾನವಾಗಲಿಲ್ಲ. ಮತ್ತೆ ಬಲವಾಗಿ ಒತ್ತಿದಾಗ ಸೈಕಲ್ಲಿನಿಂದ ಎರಡು ಮೊಳ ದೂರದಲ್ಲಿ ನಿಂತಿತು. ಗಾಬರಿಯಲ್ಲಿ ಆತ ಬಿದ್ದರು, ಹಾಲೆಲ್ಲ ಚೆಲ್ಲಿತು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಹಾಲಿನ ದುಡ್ಡು ಕೊಟ್ಟು ಬಂದು ಕೂತ ನಮ್ಮವರು ಹೇಳಿದ್ದು ಇಷ್ಟು: "ಹೆದರಬೇಡ ಕಣಯ್ಯ, ಇದು ಹಳೇ ಕಾಲದ ಕಬ್ಬಿಣ. ಗುದ್ದಿದ್ದರೂ ನಮಗೇನೂ ಆಗ್ತಿರಲಿಲ್ಲ."

ಈ ಮಾತನ್ನು ನೀವೂ ಕೇಳಿರಬಹುದು. ಇದರಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು, ರಸ್ತೆಯಲ್ಲಿದ್ದ ಮನುಷ್ಯನನ್ನು ಇದು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಎರಡನೆಯದು, ಕಾರಿನೊಳಗಿದ್ದ ನಮ್ಮ ವಿಷಯದಲ್ಲೂ ಇದು ನಿಜವಲ್ಲ. ಏಕೆ ಎಂಬುದನ್ನು ಪಿ.ಯು.ಸಿ. ಭೌತಶಾಸ್ತ್ರದ ನೆರವಿನಿಂದಲೇ ನೋಡೋಣ.

ನಿಲ್ಲಲು ಎಷ್ಟು ದೂರ ಬೇಕು?

ಹೆರಾಲ್ಡ್ ಕಾರನ್ನು 1961ರಿಂದ ಮದರಾಸಿನಲ್ಲಿ ತಯಾರಿಸುತ್ತಿದ್ದರು. ಇದರ ಇಂಗ್ಲೆಂಡಿನ ಮೂಲವಾದ ಟ್ರಯಂಫ್ ಹೆರಾಲ್ಡ್‌ನ ಆಧಾರದ ಮೇಲೆಯೇ 1962ರಲ್ಲಿ 'ಸ್ಪಿಟ್‌ಫೈರ್' ಎಂಬ ಪ್ರಸಿದ್ಧ ಸ್ಪೋರ್ಟ್ಸ್ ಕಾರು ಹೊರಬಂತು. ಆ ಕಾಲದ ಅನೇಕ ಕಾರುಗಳಲ್ಲಿ ಇದ್ದದ್ದು ಡ್ರಮ್ ಬ್ರೇಕ್. ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಗೋಡೆಗೆ ಬ್ರೇಕ್ ಶೂಗಳು ಒತ್ತಿಕೊಂಡು ಘರ್ಷಣೆ ಉಂಟುಮಾಡುತ್ತವೆ. ಒಳಗೆ ನೀರು ಸೇರಿದರೆ ಘರ್ಷಣೆ ತಗ್ಗುತ್ತದೆ. ಹಿನಕಲ್‌ನಲ್ಲಿ ನಮಗೆ ಆದದ್ದು ಇದೇ.

ಈಗ ಒಂದು ಲೆಕ್ಕ ಮಾಡಿ. ಎರಡು ಕಾರುಗಳು ಗಂಟೆಗೆ 80 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 22 ಮೀಟರಿನಂತೆ, ಅಕ್ಕಪಕ್ಕದಲ್ಲಿ ಹೋಗುತ್ತಿವೆ ಎನ್ನಿ. ಅಪಾಯ ಕಂಡು ಬ್ರೇಕ್ ಒತ್ತಲು ಇಬ್ಬರು ಚಾಲಕರಿಗೂ ಒಂದು ಸೆಕೆಂಡ್ ಹಿಡಿಯಿತು. ಆ ಒಂದು ಸೆಕೆಂಡಿನಲ್ಲೇ 22 ಮೀಟರ್ ಕಳೆಯಿತು. ಬ್ರೇಕ್ ಒತ್ತಿದ ಮೇಲೆ ಸಾಗುವ ದೂರಕ್ಕೆ ಸೂತ್ರ ನಿಮಗೆ ಗೊತ್ತಿದೆ: ವೇಗದ ವರ್ಗವನ್ನು ಋಣ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಬೇಕು. ಹೊಸ ಕಾರಿನ ಋಣ ವೇಗೋತ್ಕರ್ಷ 8, ಹಳೆಯ ಬ್ರೇಕು, ಹಳೆಯ ಟೈರುಗಳ ಕಾರಿನದು 5 ಎಂದು ಇಟ್ಟುಕೊಳ್ಳೋಣ. ಹೊಸ ಕಾರು 31 ಮೀಟರಿನಲ್ಲಿ ನಿಲ್ಲುತ್ತದೆ. ಹಳೆಯದಕ್ಕೆ 49 ಮೀಟರ್ ಬೇಕು.

ವ್ಯತ್ಯಾಸ ಬರೀ 18 ಮೀಟರ್ ತಾನೇ ಎನ್ನಬೇಡಿ. ಹೊಸ ಕಾರು ನಿಂತ ಜಾಗವನ್ನು ದಾಟುವಾಗ ಹಳೆಯ ಕಾರಿನ ವೇಗ ಎಷ್ಟಿರುತ್ತದೆ? ಲೆಕ್ಕ ಹಾಕಿದರೆ ಗಂಟೆಗೆ 49 ಕಿ.ಮೀ. ಬರುತ್ತದೆ. ಅಲ್ಲೊಬ್ಬ ಸೈಕಲ್ ಸವಾರನಿದ್ದರೆ ಒಂದು ಕಾರು ಅವನ ಮುಂದೆ ನಿಲ್ಲುತ್ತದೆ, ಇನ್ನೊಂದು ಪ್ರಾಣ ತೆಗೆಯುವ ವೇಗದಲ್ಲಿ ಬಡಿಯುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಾದರೋ ಎರಡು ಕಾರುಗಳ ನಡುವಿನ ಅಂತರ ಸುಮಾರು 5 ಮೀಟರಿಗೆ ಇಳಿಯುತ್ತದೆ. ಹಳೆಯ ಕಾರಿನ ಚಾಲಕನ ಕೈಯಲ್ಲಿರುವ ಅತಿ ದೊಡ್ಡ ಸುರಕ್ಷತಾ ಸಾಧನ ನಿಧಾನವೇ.

ಬೆಟ್ಟ ಇಳಿಯುವಾಗ ಇನ್ನೊಂದು ತೊಂದರೆ ಇದೆ. ಬ್ರೇಕ್ ಎಂದರೆ ಚಲನ ಶಕ್ತಿಯನ್ನು ಶಾಖವಾಗಿ ಬದಲಿಸುವ ಯಂತ್ರ. ಚಾಮುಂಡಿ ಬೆಟ್ಟ ನಗರಕ್ಕಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. 1,000 ಕಿಲೋಗ್ರಾಂ ತೂಕದ ಕಾರನ್ನು ಪೂರ್ತಿ ಬ್ರೇಕಿನ ಮೇಲೆಯೇ ಇಳಿಸಿದರೆ, 80 ಕಿ.ಮೀ. ವೇಗದಿಂದ ಸುಮಾರು 12 ಬಾರಿ ನಿಲ್ಲಿಸಿದಷ್ಟು ಶಾಖ ಬ್ರೇಕುಗಳಿಗೆ ಸೇರುತ್ತದೆ. ಮುಚ್ಚಿದ ಡ್ರಮ್ಮಿನಿಂದ ಶಾಖ ಬೇಗ ಹೊರಹೋಗದು. ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತವೂ ತಗ್ಗುತ್ತದೆ. ಪೆಡಲ್ ಒತ್ತಿದರೂ ಕಾರು ಮಾತು ಕೇಳುವುದಿಲ್ಲ. ಆದ್ದರಿಂದಲೇ ಹಳೆಯ ಚಾಲಕರು, 'ಹತ್ತಿದ ಗೇರಿನಲ್ಲೇ ಇಳಿ' ಎನ್ನುತ್ತಿದ್ದರು. ಆಗ ಕಾರನ್ನು ಹಿಡಿದಿಡುವ ಕೆಲಸದಲ್ಲಿ ಎಂಜಿನ್ನೂ ಪಾಲು ತೆಗೆದುಕೊಳ್ಳುತ್ತದೆ.

ಬಾಗುವುದೇ ಕಾಪಾಡುತ್ತದೆ

ಈಗ 'ಹಳೇ ಕಾಲದ ಕಬ್ಬಿಣ'ದ ಮಾತಿಗೆ ಬರೋಣ. 50 ಕಿ.ಮೀ. ವೇಗದ ಕಾರು ಗೋಡೆಗೆ ಬಡಿಯಿತು ಎನ್ನಿ. ಕಾರು ಎಷ್ಟೇ ಗಟ್ಟಿಯಾಗಿದ್ದರೂ ಒಳಗಿರುವ ಮನುಷ್ಯನ ದೇಹವೂ ನಿಲ್ಲಲೇಬೇಕು. ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದೇ ಮುಖ್ಯ. 10 ಸೆಂಟಿಮೀಟರಿನಲ್ಲಿ ನಿಂತರೆ ದೇಹದ ಮೇಲೆ ಗುರುತ್ವದ ಸುಮಾರು 98 ಪಟ್ಟು ಬಲ ಬೀಳುತ್ತದೆ. 60 ಸೆಂಟಿಮೀಟರಿನಲ್ಲಿ ನಿಂತರೆ ಅದು ಸುಮಾರು 16 ಪಟ್ಟಿಗೆ ಇಳಿಯುತ್ತದೆ. ಕಾರಿನ ಮೂತಿ ನಜ್ಜುಗುಜ್ಜಾದಷ್ಟೂ ಒಳಗಿರುವವರಿಗೆ ನಿಲ್ಲಲು ಜಾಗ ಸಿಗುತ್ತದೆ. ಮುಂಭಾಗ ಕುಗ್ಗಬೇಕು, ಜನ ಕೂರುವ ಭಾಗ ಮಾತ್ರ ಗಟ್ಟಿಯಾಗಿ ಉಳಿಯಬೇಕು ಎಂಬ ಈ ತತ್ವವನ್ನು ರೂಪಿಸಿದವರು ಮರ್ಸಿಡಿಸ್ ಸಂಸ್ಥೆಯ ಎಂಜಿನಿಯರ್ ಬೇಲಾ ಬಾರೆನ್ಯಿ. 1959ರಲ್ಲಿ ಅದು ಆ ಸಂಸ್ಥೆಯ ಕಾರಿಗೆ ಬಂತು. ಅದೇ ವರ್ಷ ಸ್ವೀಡನ್ನಿನ ನೀಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಸೀಟ್ ಬೆಲ್ಟ್ ವೋಲ್ವೊ ಕಾರುಗಳಲ್ಲಿ ಕಾಣಿಸಿಕೊಂಡಿತು.

ಇದಕ್ಕೆ ಪ್ರತ್ಯಕ್ಷ ಪರೀಕ್ಷೆಯೂ ನಡೆದಿದೆ. 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ರಸ್ತೆ ಸುರಕ್ಷತಾ ಸಂಸ್ಥೆಯು 1959ರ ಷೆವರ್ಲೆ ಬೆಲ್ ಏರ್ ಕಾರನ್ನೂ 2009ರ ಷೆವರ್ಲೆ ಮಾಲಿಬು ಕಾರನ್ನೂ ತಲಾ 64 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಡಿಕ್ಕಿ ಹೊಡೆಸಿತು. ಹಳೆಯ ಕಾರಿನಲ್ಲಿ ಜನ ಕೂರುವ ಭಾಗವೇ ಕುಸಿಯಿತು. ನಿಜವಾದ ಚಾಲಕನಿದ್ದಿದ್ದರೆ ಬದುಕುವುದು ಕಷ್ಟವಿತ್ತು. ಹೊಸ ಕಾರಿನ ಚಾಲಕನಿಗೆ ಕಾಲಿನ ಗಾಯದಷ್ಟೇ ಆಗುತ್ತಿತ್ತು.

ಅನೇಕ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಅಪಾಯ ಇನ್ನೂ ಹೆಚ್ಚು. ಮೇಲ್ಛಾವಣಿ ಇರುವುದಿಲ್ಲ, ಪಲ್ಟಿಯಾದರೆ ತಲೆಗೆ ರಕ್ಷಣೆ ಇಲ್ಲ. ಸ್ಟಿಯರಿಂಗ್ ಚಕ್ರದ ಹಿಂದಿನ ಉಕ್ಕಿನ ಕಂಬ ಡಿಕ್ಕಿಯಲ್ಲಿ ಈಟಿಯಂತೆ ಎದೆಯ ಕಡೆ ನುಗ್ಗುತ್ತದೆ. ಒತ್ತಡಕ್ಕೆ ಕುಗ್ಗುವ ಕಂಬಗಳು ವ್ಯಾಪಕವಾಗಿ ಬಂದದ್ದು 1960ರ ದಶಕದ ಕೊನೆಯಲ್ಲಿ. ಇನ್ನು ಹೆರಾಲ್ಡ್, ಸ್ಪಿಟ್‌ಫೈರ್‌ಗಳ ಹಿಂದಿನ ಚಕ್ರಗಳು 'ಸ್ವಿಂಗ್ ಆಕ್ಸಲ್' ಎಂಬ ವ್ಯವಸ್ಥೆಯಲ್ಲಿದ್ದವು. ತಿರುವಿನಲ್ಲಿ ವೇಗವಾಗಿ ಹೋಗುತ್ತಿದ್ದಾಗ ಹೆದರಿ ಥಟ್ಟನೆ ಆಕ್ಸಲರೇಟರ್ ಬಿಟ್ಟರೆ ಕಾರಿನ ಹಿಂಭಾಗ ಮೇಲೇಳುತ್ತದೆ, ಚಕ್ರ ಒಳಕ್ಕೆ ಮಡಚಿಕೊಂಡು ಹಿಡಿತ ಕಳೆದುಕೊಳ್ಳುತ್ತದೆ. ಇಂಥದೇ ವ್ಯವಸ್ಥೆಯಿದ್ದ ಕಾರ್ವೇರ್ ಕಾರನ್ನು ಟೀಕಿಸಿ ರಾಲ್ಫ್ ನೇಡರ್ 1965ರಲ್ಲಿ ಪುಸ್ತಕ ಬರೆದರು. ಮರುವರ್ಷವೇ ಅಮೆರಿಕದಲ್ಲಿ ವಾಹನ ಸುರಕ್ಷತೆಯ ಕಾನೂನು ಬಂತು.

ಕಣ್ಣಿಗೆ ಬೀಳದ ಕಾರು

1955ರ ಸೆಪ್ಟೆಂಬರ್ 30ರಂದು ನಟ ಜೇಮ್ಸ್ ಡೀನ್ ಕ್ಯಾಲಿಫೋರ್ನಿಯಾದಲ್ಲಿ ತನ್ನ ಪೋರ್ಷೆ 550 ಸ್ಪೈಡರ್ ಓಡಿಸುತ್ತಿದ್ದ. ರಸ್ತೆಗಳು ಕೂಡುವಲ್ಲಿ ಎದುರಿನಿಂದ ಬಂದ ಫೋರ್ಡ್ ಕಾರು ತಿರುವು ತೆಗೆದುಕೊಂಡಿತು. ಡಿಕ್ಕಿಯಲ್ಲಿ ಡೀನ್ ಸತ್ತ. ಅವನಿಗೆ 24 ವರ್ಷ. ತಾನು ಆ ಕಾರನ್ನು ನೋಡಲೇ ಇಲ್ಲ ಎಂದು ಫೋರ್ಡ್ ಚಾಲಕ ಹೇಳಿದ. ರಸ್ತೆಯ ಬಣ್ಣದೊಡನೆ ಬೆರೆಯುವ ಬೆಳ್ಳಿಯ ಬಣ್ಣ, ಸೊಂಟದ ಎತ್ತರದ ಕಾರು, ನೋಡದೆ ಇದ್ದಿರಬಹುದು.

ಹಿನಕಲ್ ಮೇಲ್ಸೇತುವೆಯ ಕೆಳಗೆ ಬಸ್ಸು, ಲಾರಿಗಳ ನಡುವೆ ಅಂಥ ತಗ್ಗಿನ ಕಾರೊಂದು ನಿಂತಿದೆ ಎಂದು ಊಹಿಸಿ. ಎತ್ತರದ ಸೀಟಿನಲ್ಲಿ ಕೂತ ಲಾರಿ ಚಾಲಕನಿಗೆ ಅದು ಕಾಣದಿರಬಹುದು. ಆದ್ದರಿಂದ 'ನಾನು ಅವರಿಗೆ ಕಂಡಿಲ್ಲ' ಎಂದುಕೊಂಡೇ ಓಡಿಸುವುದು ಕ್ಷೇಮ. ಹಗಲಿನಲ್ಲೂ ದೀಪ ಹಾಕಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಹಳೆಯ ಕಾರುಗಳನ್ನು ಓಡಿಸಲೇಬಾರದೇ?

ಹಾಗೇನೂ ಇಲ್ಲ. ಧರ್ಮಸ್ಥಳದ ಕಾರು ಸಂಗ್ರಹಾಲಯ ನೋಡಿದವರಿಗೆ ಅವುಗಳ ಚೆಲುವು ಗೊತ್ತು. ಅವು ಎಂಜಿನಿಯರಿಂಗ್ ಇತಿಹಾಸದ ಪುಟಗಳು. 50 ವರ್ಷ ಮೀರಿದ, ಮೂಲ ರೂಪ ಉಳಿಸಿಕೊಂಡ ವಾಹನಗಳಿಗೆ 'ವಿಂಟೇಜ್' ನೋಂದಣಿ ನೀಡುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ದುರಸ್ತಿ, ಇಂಧನ ತುಂಬಿಸುವಿಕೆ ಇಂಥವಕ್ಕೆ ರಸ್ತೆಗೆ ತರಬಹುದು. ನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಬಳಸುವಂತಿಲ್ಲ.

ಅಂಥ ಕಾರಿನ ಮಾಲೀಕರು ನಿಮ್ಮ ಮನೆಯಲ್ಲಿದ್ದರೆ ಇವಿಷ್ಟನ್ನು ಕೇಳಿ. ಟೈರಿಗೆ ಎಷ್ಟು ವಯಸ್ಸಾಯಿತು? ಪಟ್ಟಿ ಸವೆಯದಿದ್ದರೂ ರಬ್ಬರ್ ವರ್ಷಗಳಲ್ಲಿ ಗಡುಸಾಗುತ್ತದೆ. ಟೈರಿನ ಬದಿಯಲ್ಲಿ '2319' ಎಂಬಂತೆ ನಾಲ್ಕು ಅಂಕಿಗಳಿದ್ದರೆ 2019ರ 23ನೇ ವಾರದಲ್ಲಿ ತಯಾರಾಯಿತು ಎಂದರ್ಥ. ಬ್ರೇಕ್ ದ್ರವ ಬದಲಿಸಿ ಎಷ್ಟು ಕಾಲವಾಯಿತು? ಹಿಂದಿನ ಬ್ರೇಕ್ ದೀಪ ಉರಿಯುತ್ತದೆಯೇ? ಸೀಟ್ ಬೆಲ್ಟ್ ಹಾಕಿಸಿದ್ದರೆ ಅದನ್ನು ಬಿಗಿದ ಜಾಗ ತುಕ್ಕು ಹಿಡಿದಿಲ್ಲ ತಾನೇ? ತುಕ್ಕು ತಗಡಿಗೆ ಬಿಗಿದ ಬೆಲ್ಟ್ ಬರೀ ಅಲಂಕಾರ.

ನಿಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಸ್ಪೋರ್ಟ್ಸ್ ಕಾರು ಇರಲಾರದು. ಆದರೆ ಮೈಸೂರಿನ ಯಾದವಗಿರಿಯಲ್ಲಿ 1996ರವರೆಗೆ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳಲ್ಲಿ ಒಂದು ಅಜ್ಜನದೋ ದೊಡ್ಡಪ್ಪನದೋ ಇರಬಹುದು. ಅವಕ್ಕೂ ಡ್ರಮ್ ಬ್ರೇಕುಗಳೇ. ಮೇಲಿನ ಲೆಕ್ಕ ಅವಕ್ಕೂ ಅನ್ವಯಿಸುತ್ತದೆ. ರಸ್ತೆಯಲ್ಲಿ ಹಳೆಯ ಕಾರು ಕಂಡರೆ ಮೊಬೈಲಿನಲ್ಲಿ ಚಿತ್ರ ತೆಗೆಯಲು ಬೈಕಿನಲ್ಲಿ ಬೆನ್ನಟ್ಟಬೇಡಿ, ಮುಂದೆ ನುಗ್ಗಿ ಬ್ರೇಕ್ ಹಾಕಬೇಡಿ. ನಿಮ್ಮ ಬೈಕು ನಿಂತಷ್ಟು ಬೇಗ ಅದು ನಿಲ್ಲದು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂಬುದು ಕೇಂದ್ರ ಸರ್ಕಾರದ ಲೆಕ್ಕ. ಆ ಸಾವುಗಳ ಮುಖ್ಯ ಕಾರಣ ಅತಿವೇಗ.

ಮಾಡಿ ನೋಡಿ

ಗೆಳೆಯನೊಬ್ಬ 30 ಸೆಂಟಿಮೀಟರಿನ ಅಳತೆಪಟ್ಟಿಯನ್ನು ನೇರವಾಗಿ ಹಿಡಿಯಲಿ. ಸೊನ್ನೆಯ ಬಳಿ ನಿಮ್ಮ ಬೆರಳುಗಳನ್ನು ತಾಗದಂತೆ ತೆರೆದಿಡಿ. ಅವನು ಹೇಳದೆ ಬಿಟ್ಟಾಗ ಹಿಡಿಯಿರಿ. 20 ಸೆಂಟಿಮೀಟರಿನಲ್ಲಿ ಸಿಕ್ಕರೆ ನಿಮಗೆ ಹಿಡಿದ ಸಮಯ ಸುಮಾರು 0.2 ಸೆಕೆಂಡ್. ಇದು ಸಿದ್ಧರಾಗಿ ಕಾಯುತ್ತಿದ್ದಾಗಿನ ಬೆರಳಿನ ವೇಗ. ರಸ್ತೆಯಲ್ಲಿ ಅಪಾಯವನ್ನು ಗುರುತಿಸಿ ಕಾಲನ್ನು ಬ್ರೇಕಿಗೆ ಒಯ್ಯಲು ಇದರ ಹಲವು ಪಟ್ಟು ಸಮಯ ಬೇಕು. ಇದನ್ನೇ ಮೊಬೈಲ್ ನೋಡುತ್ತಾ ಮಾಡಿ. ಪಟ್ಟಿ ಬಹುಶಃ ಕೈಗೆ ಸಿಗದೆ ನೆಲಕ್ಕೆ ಬೀಳುತ್ತದೆ.