ಬಂಡೆಗೆ ಹುಟ್ಟದ ಮಣ್ಣು

ಬಂಡೆ ಬಿಸಿಲಿಗೆ ಬಿರಿದು, ಮಳೆಗೆ ಕರಗಿ, ಬೇರಿನ ಒತ್ತಡಕ್ಕೆ ಪುಡಿಯಾಗಿ ಮಣ್ಣಾಗುತ್ತದೆ ಎಂಬುದು ಶಾಲೆಯಲ್ಲಿ ಕಲಿತ ಪಾಠ. ನಮ್ಮ ಕಡೆಯ ಬಹುಪಾಲು ನೆಲಕ್ಕೆ ಅದು ಒಪ್ಪುವ ಮಾತೇ. ಬಾವಿ ತೋಡಿದರೆ ಮೊದಲು ಮಣ್ಣು, ಅದರಡಿ ಗರಸು, ಆಮೇಲೆ ಗುದ್ದಲಿಗೆ ಉದುರುವ ಮೆತ್ತನೆಯ ಕಲ್ಲು, ಕಡೆಗೆ ಗಟ್ಟಿ ಬಂಡೆ. ಮಣ್ಣು ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪದ ಇಳಿಜಾರುಗಳಲ್ಲಿ ಮಾತ್ರ ಹಾಗೆ ಬೆರಳಿಟ್ಟು ತೋರಿಸಬಹುದು. ರಸ್ತೆಗಾಗಿ ಗುಡ್ಡ ಕಡಿದ ಕಡೆ ಮೇಲೆ ಮೊಣಕಾಲೆತ್ತರವೂ ಇಲ್ಲದ ಕಂದು ಮಣ್ಣು. ಅದರ ಕೆಳಗೆ ನೇರವಾಗಿ ಕಪ್ಪು ಲಾವಾ. ನಡುವೆ ಗರಸಿಲ್ಲ, ಕೊಳೆತ ಕಲ್ಲಿಲ್ಲ. ಮಣ್ಣನ್ನು ಕೆರೆದು ತೆಗೆದರೆ, ಲಾವಾ ಹರಿದು ಹೆಪ್ಪುಗಟ್ಟುವಾಗ ಅದರ ಮೈಮೇಲೆ ಮೂಡಿದ ಸುಕ್ಕುಗಳು ಇನ್ನೂ ಹಾಗೇ ಇರುತ್ತವೆ. ಮೇಲಿನ ಮಣ್ಣು ಈ ಬಂಡೆ ಕರಗಿ ಆದದ್ದಾಗಿದ್ದರೆ ಮೊದಲು ಅಳಿಯಬೇಕಿದ್ದದ್ದು ಆ ಸುಕ್ಕುಗಳೇ. ಅವು ಉಳಿದಿವೆ ಎಂದಮೇಲೆ ಈ ಮಣ್ಣು ಕೆಳಗಿನ ಕಲ್ಲಿಗೆ ಹುಟ್ಟಿದ್ದಲ್ಲ, ಮೇಲಿನಿಂದ ಬಂದು ಅದರ ಮೇಲೆ ಕೂತದ್ದು ಎನ್ನದೆ ಬೇರೆ ದಾರಿಯಿಲ್ಲ.

ಮೇಲಿನಿಂದ ಬಂದದ್ದು ಮುಖ್ಯವಾಗಿ ಬೂದಿ. ಇದು ಒಲೆಯ ಬೂದಿಯಲ್ಲ, ಸುಟ್ಟು ಉಳಿದದ್ದೂ ಅಲ್ಲ. ಶಿಲಾರಸ ಸಿಡಿದು ಗಾಳಿಯಲ್ಲಿ ಕ್ಷಣಮಾತ್ರದಲ್ಲಿ ತಣಿದಾಗ ಆಗುವ ಗಾಜಿನ ಪುಡಿ. ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಹವಾಯಿಯ ಜ್ವಾಲಾಮುಖಿಗಳು ಸೌಮ್ಯ ಸ್ವಭಾವದವು, ಅವು ಸಿಡಿಯುವುದಿಲ್ಲ, ಸುಮ್ಮನೆ ಉಕ್ಕಿ ಹರಿಯುತ್ತವೆ ಎಂದಲ್ಲವೇ ಎಲ್ಲರೂ ಹೇಳುವುದು? ಹೇಳುವುದೇನೋ ನಿಜ. ಆದರೆ ಈ ಖ್ಯಾತಿ ಬಂದದ್ದು ಕಳೆದ ಇನ್ನೂರು ವರ್ಷ ಕಂಡದ್ದನ್ನೇ ಎಲ್ಲ ಕಾಲಕ್ಕೂ ಹಿಗ್ಗಿಸಿದ್ದರಿಂದ. ಕಿಲಾವೇಯಾ ಪರ್ವತದ ನೆತ್ತಿಯ ಸುತ್ತಲಿನ ಬೂದಿಯ ಪದರಗಳನ್ನು ಓದಿದವರು, ಸುಮಾರು 1500ರಿಂದ 1800ರವರೆಗೆ ಅದು ಮತ್ತೆ ಮತ್ತೆ ಸಿಡಿಯುತ್ತಲೇ ಇತ್ತು ಎನ್ನುತ್ತಾರೆ. 1790ರ ಒಂದು ಸಿಡಿತದಲ್ಲಿ ಕೆಓವಾ ಎಂಬ ನಾಯಕನ ದಂಡಿನ ಒಂದು ತುಕಡಿಯೇ ನಾಶವಾಯಿತು. 1924ರ ಮೇ ತಿಂಗಳಲ್ಲಿ ಹಬೆಯ ಒತ್ತಡಕ್ಕೆ ಬಂಡೆ, ಬೂದಿ ಎರಡೂ ಎಗರಿಬಿದ್ದವು. ಸಿಡಿಯದೆ ಚಿಮ್ಮಿದರೂ ಬೂದಿ ತಪ್ಪದು: 1959ರ ಕೊನೆಯಲ್ಲಿ ಕಿಲಾವೇಯಾ ಇಕಿ ಕುಳಿಯಿಂದ ಲಾವಾದ ಕಾರಂಜಿ 500 ಮೀಟರಿಗೂ ಮೇಲೆ ಹಾರಿತು, ಗಾಳಿ ಬೀಸಿದ ದಿಕ್ಕಿನ ಕಾಡು ಹಗುರ ಕಿಟ್ಟದಡಿ ಹೂತುಹೋಯಿತು. 2024ರ ಡಿಸೆಂಬರ್ 23ರಂದು ಶುರುವಾದ ಸರಣಿಯಲ್ಲೂ ಕೂದಲೆಳೆಯಂಥ ಗಾಜಿನ ಎಳೆಗಳು ಸುತ್ತಲಿನ ಮನೆಗಳ ಮೇಲೆ ಬಿದ್ದಿವೆ. ದ್ವೀಪದ ಉಳಿದ ಪರ್ವತಗಳ ಪಾಲೂ ಇದೆ. ಮೌನಾ ಕೆಯಾ ಮತ್ತು ಹುವಾಲಲಾಯ್ ಪರ್ವತಗಳ ಮೈಮೇಲೆ ಬೂದಿ, ಕಿಟ್ಟ ಸುರಿದು ಎದ್ದ ಗುಡ್ಡಗಳು ಸಾಲುಸಾಲಾಗಿವೆ.

ಬೂದಿಯೂ ಲಾವಾ ಬಂದ ಒಡಲಿನಿಂದಲೇ ಬಂದದ್ದು, ಎರಡೂ ಒಂದೇ ಶಿಲಾರಸ, ಹಾಗಿದ್ದ ಮೇಲೆ ಕೆಳಗಿನದು ಮೇಲಿನದು ಎಂಬ ಭೇದ ಯಾಕೆ ಎಂದು ಕೇಳಬಹುದು. ಭೇದ ಇರುವುದು ರಸಾಯನದಲ್ಲಿ ಅಲ್ಲ, ರೂಪದಲ್ಲಿ. ಒಂದು ಸೆಂಟಿಮೀಟರ್ ಉದ್ದಗಲದ ಕಲ್ಲಿನ ಘನವನ್ನು ತೆಗೆದುಕೊಳ್ಳಿ; ನೀರು ಮುಟ್ಟಬಲ್ಲ ಅದರ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ ಮಿಲಿಮೀಟರಿನ ಹತ್ತನೇ ಒಂದು ಭಾಗದ ಕಣಗಳಾಗಿ ಒಡೆದರೆ ಹೊರಮೈ 600 ಚದರ ಸೆಂಟಿಮೀಟರ್ ಆಗುತ್ತದೆ. ಮೇಲಾಗಿ ಲಾವಾ ನಿಧಾನವಾಗಿ ತಣಿದು ಹರಳುಗಟ್ಟಿದೆ. ಬೂದಿಗೆ ಹರಳುಗಟ್ಟಲು ಬಿಡುವೇ ಸಿಗಲಿಲ್ಲ. ಹರಳಿಗಿಂತ ಗಾಜು ಬೇಗ ಕರಗುತ್ತದೆ. ಬೆಚ್ಚನೆಯ ಹವೆ, ಬಿಡದೆ ಸುರಿಯುವ ಮಳೆ ಸೇರಿದರೆ ಬಂಡೆ ಮುಕ್ಕಾಗುವ ಹೊತ್ತಿಗೆ ಬೂದಿ ಮಣ್ಣಾಗಿ ಮುಗಿದಿರುತ್ತದೆ. ಕರಗಿದ ಗಾಜಿನಿಂದ ಅಲೋಫೇನ್ ಎಂಬ ಖನಿಜ ಕೂಡಿಕೊಳ್ಳುತ್ತದೆ. ಮಾಮೂಲಿ ಜೇಡಿಮಣ್ಣಿನ ಅಚ್ಚುಕಟ್ಟಾದ ಪದರಗಳು ಇದಕ್ಕಿಲ್ಲ. ಇದು ತೀರ ಸಣ್ಣ, ಟೊಳ್ಳಾದ ಗೋಲಿಗಳ ರಾಶಿ. ಅದಕ್ಕೇ ಈ ಮಣ್ಣಿನ ನಡತೆ ವಿಚಿತ್ರ. ಮುಷ್ಟಿಯಲ್ಲಿಟ್ಟು ಹಿಸುಕಿದರೆ ಗಟ್ಟಿಯಾಗಿದ್ದದ್ದು ಥಟ್ಟನೆ ಜಾರುಜಾರಾಗಿ ಬೆರಳಿಗೆ ಮೆತ್ತಿಕೊಳ್ಳುತ್ತದೆ. ತೂಕದಲ್ಲಿ ಎಷ್ಟು ಹಗುರವೆಂದರೆ ಒಂದು ಘನ ಸೆಂಟಿಮೀಟರ್ 0.9 ಗ್ರಾಂ ದಾಟುವುದಿಲ್ಲ. ಬೂದಿ ದಪ್ಪವಾಗಿ ಬಿದ್ದಿರುವ ಹಿಲೋ ಕಡೆಯ ಕೆಲವು ಮಣ್ಣುಗಳಲ್ಲಿ ಮಣ್ಣಿಗಿಂತ ನೀರಿನ ತೂಕವೇ ಹೆಚ್ಚು. ಆದರೆ ಅದನ್ನು ಒಮ್ಮೆ ಪೂರ್ತಿ ಒಣಗಿಸಿದಿರೋ, ಸಣ್ಣ ಜಲ್ಲಿಯಂಥ ಹರಳಾಗಿಬಿಡುತ್ತದೆ. ಮತ್ತೆಷ್ಟು ನೀರು ಹಾಕಿದರೂ ಹಳೆಯ ಹದಕ್ಕೆ ಬರುವುದಿಲ್ಲ. ಇಂಥ ಮಣ್ಣುಗಳನ್ನು ಬೇರೆ ಯಾವ ಗುಂಪಿಗೂ ಸೇರಿಸಲಾಗದೆ, ಅಮೆರಿಕದ ಮಣ್ಣಿನ ವರ್ಗೀಕರಣದಲ್ಲಿ ಸುಮಾರು 1990ರ ಹೊತ್ತಿಗೆ ಆಂಡಿಸಾಲ್ ಎಂಬ ಪ್ರತ್ಯೇಕ ಗಣವನ್ನೇ ಮಾಡಬೇಕಾಯಿತು.

ಕನ್ನಡದ ಓದುಗರು ಇನ್ನೊಂದು ಆಕ್ಷೇಪ ಎತ್ತಬಹುದು, ಅದು ಹೆಚ್ಚು ಗಟ್ಟಿಯಾದದ್ದು. ವಿಜಯಪುರ, ಕಲಬುರಗಿಯ ಎರೆಭೂಮಿಯ ಕೆಳಗಿರುವುದೂ ಲಾವಾ ಹರಿದಾದ ಬಸಾಲ್ಟ್ ಶಿಲೆಯೇ. ಬೀದರಿನ ಕೋಟೆ ಕೂತಿರುವ ಜಂಬಿಟ್ಟಿಗೆಯೂ ಅದೇ ಬಸಾಲ್ಟ್ ಕಳಿತು ಆದದ್ದು. ಅಲ್ಲಿ ಬಂಡೆಗೆ ಮಣ್ಣು ಹುಟ್ಟಬಹುದಾದರೆ ಹವಾಯಿಯಲ್ಲಿ ಯಾಕೆ ಹುಟ್ಟಬಾರದು? ಹುಟ್ಟಬಾರದು ಎಂದಲ್ಲ, ಇನ್ನೂ ಹುಟ್ಟಿಲ್ಲ ಎಂದಷ್ಟೇ. ದಖ್ಖನ್ನಿನ ಲಾವಾ ಹರಿದು ಸುಮಾರು 6.6 ಕೋಟಿ ವರ್ಷವಾಯಿತು. ಮೌನಾ ಲೋವಾ ಪರ್ವತದ ಮೈಯ ಶೇ. 90ರಷ್ಟನ್ನು ಹೊದ್ದಿರುವುದು 4,000 ವರ್ಷದೊಳಗಿನ ಲಾವಾ. ಆ ವಯಸ್ಸು ಗೊತ್ತಾದ ಬಗೆಯೂ ನಮ್ಮ ವಾದಕ್ಕೇ ಸಾಕ್ಷಿ: ಲಾವಾ ಹರಿದುಬಂದಾಗ ಅದರಡಿ ಸಿಕ್ಕ ಗಿಡಗಂಟಿ ಇದ್ದಿಲಾಗಿ ಉಳಿಯುತ್ತದೆ, ಆ ಇದ್ದಿಲಿನಿಂದ ಕಾಲ ಲೆಕ್ಕಹಾಕುತ್ತಾರೆ. ಹಾಗೆ ಇದ್ದಿಲು ಹುಡುಕಿ ಅಗೆದ ಎಷ್ಟೋ ಕಡೆ ಎರಡು ಲಾವಾಗಳ ನಡುವೆ ಬೂದಿಮಣ್ಣಿನ ಪದರವೊಂದು ಸಿಕ್ಕಿಹಾಕಿಕೊಂಡಿರುತ್ತದೆ. ಬೂದಿ ಬಿತ್ತು, ಕಾಡು ಬೆಳೆಯಿತು, ಮತ್ತೆ ಲಾವಾ ಹರಿದು ಎಲ್ಲ ಮುಚ್ಚಿತು, ಲೆಕ್ಕ ಮೊದಲಿಂದ ಶುರುವಾಯಿತು. ಈ ಇಳಿಜಾರಿನ ಮಣ್ಣು ಆಳವಿಲ್ಲದಿರುವುದಕ್ಕೆ ಸೋಮಾರಿ ಮಳೆ ಕಾರಣವಲ್ಲ. ಕೆಳಗಿನ ಬಂಡೆ ಎಳೆಯದು, ಅದರ ಮೇಲೆ ಬೂದಿ ಬೀಳಲು ಸಿಕ್ಕ ಕಾಲವೂ ಸ್ವಲ್ಪವೇ.

ಬೂದಿಯೇ ಬೀಳದ ಲಾವಾದ ಮೇಲೂ ಕಾಡಿದೆಯಲ್ಲ ಎನ್ನುವವರಿಗೆ ಪುನಾ ಸೀಮೆಯನ್ನು ತೋರಿಸಬೇಕು. ಅಲ್ಲಿ ಹರಿದ ಲಾವಾ ಎರಡು ಬಗೆ. ನುಣುಪಾದ ಹಾಸುಗಲ್ಲಿನಂಥದು ಪಾಹೋಯ್‌ಹೋಯ್, ಮುಳ್ಳುಮುಳ್ಳಾದ ಕಿಟ್ಟದ ರಾಶಿ ಆ-ಆ. ಎರಡೂ ಹವಾಯಿಯ ಜನರ ಮಾತುಗಳು, ಈಗ ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವವು. ಮಳೆ ಚೆನ್ನಾಗಿರುವ ಕಡೆ ಕೆಲವೇ ವರ್ಷಗಳಲ್ಲಿ ಬೂದುಬಣ್ಣದ ಕಲ್ಲುಹೂವು ಹತ್ತುತ್ತದೆ, ಬಿರುಕಿನಲ್ಲಿ ಜರಿಗಿಡ ಏಳುತ್ತದೆ, ಹಿಂದೆಯೇ ಕೆಂಪು ಹೂವಿನ ಓಹಿಯಾ ಮರ. ಅವುಗಳ ಎಲೆ ಉದುರಿ ಕೊಳೆತು ಕಲ್ಲಿನ ಸಂದಿಗಳಲ್ಲಿ ತುಂಬಿಕೊಂಡದ್ದೇ ಅಲ್ಲಿನ ಮಣ್ಣು. ಖನಿಜದ ಅಂಶ ನೆಪಕ್ಕಷ್ಟೇ. ಇದು ನನ್ನ ವಾದವನ್ನು ಮುರಿಯುವುದಿಲ್ಲ, ಬೆಳೆಸುತ್ತದೆ. ಲಾವಾದಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಎಲೆಯಲ್ಲಿರುವ ಸಾರಜನಕ ಗಾಳಿಯಿಂದ, ಮಳೆಯಿಂದ ಬಂದದ್ದು. ಅಲ್ಲೂ ಮಣ್ಣು ಇಳಿದದ್ದು ಮೇಲಿನಿಂದಲೇ. ಒಂದು ಮಾತು ಒಪ್ಪಿಕೊಳ್ಳಬೇಕು: ಎಳೆಯ ನೆಲದಲ್ಲಿ ಸುಣ್ಣದ ಅಂಶ, ರಂಜಕ ಇವೆಲ್ಲ ಸಿಗುವುದು ಲಾವಾ ಮತ್ತು ಬೂದಿಯ ಖನಿಜಗಳಿಂದಲೇ. ಬಂಡೆ ಏನನ್ನೂ ಕೊಡುವುದಿಲ್ಲ ಎಂದರೆ ಅತಿಯಾದೀತು.

ಆದರೆ ಆ ಕೊಡುಗೆಯೂ ಶಾಶ್ವತವಲ್ಲ. ಹವಾಯಿ ದ್ವೀಪಸಾಲು ವಾಯವ್ಯಕ್ಕೆ ಹೋದಂತೆ ಹಳತಾಗುತ್ತದೆ. ಪೀಟರ್ ವಿಟೌಸೆಕ್, ಆಲಿವರ್ ಚಾಡ್ವಿಕ್ ಮುಂತಾದ ವಿಜ್ಞಾನಿಗಳು 300 ವರ್ಷದ ನೆಲದಿಂದ ಹಿಡಿದು ಕೌವಾಯಿ ದ್ವೀಪದ 41 ಲಕ್ಷ ವರ್ಷ ಹಳೆಯ ನೆಲದವರೆಗೆ ಒಂದೇ ಮಳೆ, ಒಂದೇ ಮರವಿರುವ ತಾಣಗಳನ್ನು ಆರಿಸಿ ಹೋಲಿಸಿ ನೋಡಿದರು. ಎಳೆಯ ನೆಲದಲ್ಲಿ ಮರಗಳಿಗೆ ಕೊರತೆ ಸಾರಜನಕದ್ದು, ಹಳೆಯ ನೆಲದಲ್ಲಿ ರಂಜಕದ್ದು. ಕೌವಾಯಿಯ ಕಾಡಿಗೆ ಬಂಡೆಯ ಪೋಷಕಾಂಶಗಳು ಎಂದೋ ತೊಳೆದುಹೋಗಿವೆ. ಕ್ಯಾಲ್ಸಿಯಂ ಬರುವುದು ಸಮುದ್ರದ ತುಂತುರಿನಿಂದ, ರಂಜಕದ ದೊಡ್ಡ ಪಾಲು ಏಷ್ಯಾದ ಒಣಪ್ರದೇಶಗಳಿಂದ ಸಾವಿರಾರು ಕಿಲೋಮೀಟರ್ ಹಾರಿಬಂದ ಧೂಳಿನಿಂದ. ಧೂಳಿನ ಕಥೆ ನಂಬಲು ಕಷ್ಟವಾದರೆ ಬೆಣಚುಹರಳನ್ನು ನೋಡಿ. ಹವಾಯಿಯ ಬಸಾಲ್ಟಿನಲ್ಲಿ ಬೆಣಚು ಇಲ್ಲ. ಆದರೂ ಅಲ್ಲಿನ ಮಣ್ಣಿನಲ್ಲಿ ಬೆಣಚಿನ ಸಣ್ಣ ಕಣಗಳು ಸಿಗುತ್ತವೆ. ಅವುಗಳಲ್ಲಿನ ಆಮ್ಲಜನಕದ ಐಸೋಟೋಪುಗಳನ್ನು ಅಳೆದು, ಇವು ಗಾಳಿ ಹೊತ್ತು ತಂದವು ಎಂದು 1969ರಲ್ಲೇ ತೋರಿಸಲಾಯಿತು. ನಡುಗಡಲಿನ ಬೆಟ್ಟವೊಂದರ ಮಣ್ಣು ದೂರದ ಖಂಡದಿಂದ ಬರುತ್ತದೆಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ನನಗೆ ಕಂಡಿಲ್ಲ.

ಜ್ವಾಲಾಮುಖಿಯ ಮಣ್ಣು ಫಲವತ್ತು ಎಂಬ ಮಾತು ಈಗ ಎಷ್ಟು ಅರೆಬರೆ ಎಂಬುದು ಗೊತ್ತಾಗುತ್ತದೆ. ಅಲೋಫೇನ್ ರಂಜಕವನ್ನು ಹಿಡಿದರೆ ಬಿಡುವುದಿಲ್ಲ. ಹಾಕಿದ ಗೊಬ್ಬರದ ಬಹುಭಾಗ ಬೇರಿಗೆ ದಕ್ಕದೆ ಮಣ್ಣಿಗೇ ಅಂಟಿಕೊಳ್ಳುತ್ತದೆ. ಆದರೆ ಅದೇ ಮಣ್ಣು ಕೊಳೆತ ಎಲೆಯ ಸಾರವನ್ನೂ ತೇವವನ್ನೂ ಹಿಡಿದಿಡುತ್ತದೆ. ಕೋನಾ ಸೀಮೆಯಲ್ಲಿ ಇದೇ ದೊಡ್ಡ ಆಸ್ತಿ. ಅಲ್ಲಿ ಮಳೆ ಸಾಕಷ್ಟಿದ್ದರೂ ವರ್ಷವಿಡೀ ಹರಿಯುವ ಹೊಳೆಯಿಲ್ಲ, ಬಿದ್ದ ನೀರು ಲಾವಾದ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಮೇಲಿನ ತೆಳು ಮಣ್ಣು ತಡೆದಷ್ಟೇ ಬೆಳೆಗೆ. 1828ರಲ್ಲಿ ಸ್ಯಾಮ್ಯುಯೆಲ್ ರಗಲ್ಸ್ ಎಂಬ ಪಾದ್ರಿ ಅಲ್ಲಿಗೆ ತಂದು ನೆಟ್ಟ ಕಾಫಿ ಇಂದಿಗೂ ಈ ಮಣ್ಣಿನಲ್ಲೇ ನಿಂತಿದೆ, ಬೇರುಗಳನ್ನು ಕಲ್ಲಿನ ಸಂದಿಗೆ ಇಳಿಸಿಕೊಂಡು. ನಮ್ಮ ಚಿಕ್ಕಮಗಳೂರು, ಕೊಡಗಿನ ಕಾಫಿಯಂತೆ ಹಳೆಯ ನೈಸ್ ಶಿಲೆ ಕಳಿತು ಆದ ಆಳದ ಕೆಂಪು ಮಣ್ಣಿನ ಭಾಗ್ಯ ಅದಕ್ಕಿಲ್ಲ.

ಕಾಫಿಗೂ ಮೊದಲು ಅಲ್ಲಿ ದೀವಿಹಲಸು, ಗೆಣಸು, ಕೆಸು ಬೆಳೆಯುತ್ತಿದ್ದವರು ಹೊಲದ ಕಲ್ಲುಗಳನ್ನು ಆಯ್ದು ಕುವಾಯ್ವಿ ಎಂಬ ಉದ್ದನೆಯ ಒಡ್ಡುಗಳಾಗಿ ಪೇರಿಸಿ, ನಡುವಿನ ಪಟ್ಟಿಗಳಲ್ಲಿ ಮಣ್ಣನ್ನು ಕೂಡಿಸಿಕೊಂಡರು. ಉತ್ತರದ ಕೊಹಾಲಾದಲ್ಲಿ ಅವರ ಹೊಲಗಳು ಎಲ್ಲಿ ನಿಂತವು ಎಂಬುದು ಇನ್ನೂ ಕುತೂಹಲದ ಸಂಗತಿ. ಕೆಳಗೆ ಮಳೆ ಸಾಲದ ಕಡೆ ನಿಂತದ್ದು ಸಹಜ. ಮೇಲೆ ಮಳೆ ಧಾರಾಳವಾಗಿರುವ ಕಡೆಯೂ ನಿಂತುಬಿಟ್ಟಿವೆ. ಮಣ್ಣಿನ ಪರೀಕ್ಷೆ ಕಾರಣ ಹೇಳಿತು: ಆ ಗೆರೆಯಿಂದಾಚೆ ಮಳೆಯೇ ನೆಲದ ಸಾರವನ್ನು ತೊಳೆದುಹಾಕಿದೆ. ಅಲ್ಲಿ ಎರಡು ವಯಸ್ಸಿನ ಲಾವಾಗಳಿವೆ, ಒಂದು ಸುಮಾರು 1.5 ಲಕ್ಷ ವರ್ಷದ್ದು, ಇನ್ನೊಂದು ಅದಕ್ಕಿಂತ ಬಹಳ ಹಳೆಯದು. ಹಳೆಯ ಲಾವಾದ ಮೇಲೆ ಸಾರ ಬೇಗ ಮುಗಿದಿರುವುದರಿಂದ ಹೊಲಗಳು ಕಡಿಮೆ ಮಳೆಯ ಮಟ್ಟದಲ್ಲೇ ಕೊನೆಯಾಗುತ್ತವೆ. ಎಳೆಯ ಲಾವಾದ ಮೇಲೆ ಇನ್ನಷ್ಟು ಮೇಲಕ್ಕೆ ಹತ್ತುತ್ತವೆ.