ಯಾರಿಗೂ ಸೇರದ ತಂತಿ

ಬೇಸಿಗೆಯ ಮೊದಲ ಮಳೆ ಸುರಿದ ಸಂಜೆ ಬೆಂಗಳೂರಿನ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಇಂಥದೊಂದು ದೃಶ್ಯ ಅಪರೂಪವೇನಲ್ಲ. ನೆಲಮಾಳಿಗೆಯ ಮೀಟರ್ ಬೋರ್ಡಿನಿಂದ ಸುಟ್ಟ ರಬ್ಬರಿನ ವಾಸನೆ, ನಡುನಡುವೆ ಕಿಡಿ. ಕಾವಲುಗಾರ ಟಾರ್ಚ್ ಹಿಡಿದು ದೂರ ನಿಂತಿರುತ್ತಾನೆ. ಒಬ್ಬರು ಬೆಸ್ಕಾಂಗೆ ಫೋನ್ ಮಾಡುತ್ತಾರೆ, ಇನ್ನೊಬ್ಬರು ಪರಿಚಯದ ಎಲೆಕ್ಟ್ರಿಷಿಯನ್‌ಗೆ. ಮತ್ತೊಬ್ಬರು ಬಕೆಟ್ಟಿನಲ್ಲಿ ನೀರು ತರಲು ಹೊರಟಿರುತ್ತಾರೆ. ಇಡೀ ಕಟ್ಟಡದ ಮೈನ್ ಸ್ವಿಚ್ ಎಲ್ಲಿದೆ ಎಂಬುದು ಮಾತ್ರ ಅಲ್ಲಿ ನೆರೆದ ಯಾರಿಗೂ ತಿಳಿದಿರುವುದಿಲ್ಲ.

ಶಿವನಸಮುದ್ರದಿಂದ ಬಂದ ವಿದ್ಯುತ್ತು 1905ರಲ್ಲಿಯೇ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತೆಂದು ನಾವು ಹೆಮ್ಮೆ ಪಡುತ್ತೇವೆ. ಆದರೆ ಆ ವಿದ್ಯುತ್ತನ್ನು ಮನೆಯೊಳಗೆ ಹೊತ್ತು ತಂದ ತಂತಿಗಳಿಗೂ ವಯಸ್ಸಾಗುತ್ತದೆ ಎಂಬುದು ನಮ್ಮ ಗಮನಕ್ಕೆ ಬರುವುದಿಲ್ಲ. ಮಲ್ಲೇಶ್ವರ, ಬಸವನಗುಡಿಗಳ ಹಳೆಯ ಮನೆಗಳಿರಲಿ, ಎಂಬತ್ತು-ತೊಂಬತ್ತರ ದಶಕಗಳಲ್ಲಿ ತಲೆಯೆತ್ತಿದ ಮೂರು-ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟುಗಳಿರಲಿ, ಅಲ್ಲಿನ ವೈರಿಂಗ್ ರೂಪುಗೊಂಡದ್ದು ಕೆಲವು ಬಲ್ಬು, ಫ್ಯಾನು, ಒಂದು ಟಿ.ವಿ., ಒಂದು ಫ್ರಿಜ್‌ನ ಲೆಕ್ಕದಲ್ಲಿ. ಈಗ ಅದೇ ತಂತಿಗೆ ಗೀಸರ್, ಹವಾನಿಯಂತ್ರಕ, ಇಂಡಕ್ಷನ್ ಒಲೆ, ಮೈಕ್ರೋವೇವ್ ಜೋತುಬಿದ್ದಿವೆ. ವಿದ್ಯುತ್ ಸ್ಕೂಟರಿನ ಚಾರ್ಜರ್ ಇತ್ತೀಚಿನ ಸೇರ್ಪಡೆ.

230 ವೋಲ್ಟ್‌ನಲ್ಲಿ 2 ಕಿಲೋವ್ಯಾಟ್‌ನ ಒಂದು ಗೀಸರ್ ಸುಮಾರು 9 ಆಂಪಿಯರ್ ವಿದ್ಯುತ್ ಸೆಳೆಯುತ್ತದೆ. ತಂತಿಯಲ್ಲಿ ಹರಿಯುವ ವಿದ್ಯುತ್ತು ಎರಡು ಪಟ್ಟಾದರೆ ಅದರಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ವರ್ಷಗಟ್ಟಲೆ ಹೀಗೆ ಕಾದು ತಣಿದ ತಂತಿಯ ಹೊದಿಕೆ ಒಣಗಿ ಬಿರುಕು ಬಿಡುತ್ತದೆ; ಜೋಡಣೆಗಳು, ಅದರಲ್ಲೂ ಅಲ್ಯೂಮಿನಿಯಂ ತಂತಿಯ ಜೋಡಣೆಗಳು, ಸಡಿಲಾಗುತ್ತವೆ. ಫ್ಯೂಸ್ ಹೋಗುವುದೆಂದರೆ ತಂತಿ ತನ್ನ ಶಕ್ತಿ ಮೀರಿತೆಂದು ದೂರು ಕೊಟ್ಟಂತೆ. ನಾವಾದರೋ ಇನ್ನಷ್ಟು ದಪ್ಪ ತಂತಿಯನ್ನು ಫ್ಯೂಸಿಗೆ ಸುತ್ತಿ, ಪದೇ ಪದೇ ಬೀಳುವ ಎಂಸಿಬಿಯ ಜಾಗದಲ್ಲಿ ಹೆಚ್ಚಿನ ಆಂಪಿಯರ್‌ನದನ್ನು ಕೂರಿಸಿ, ದೂರು ಕೊಟ್ಟವನ ಬಾಯನ್ನೇ ಮುಚ್ಚಿಸುತ್ತೇವೆ.

ಇದಕ್ಕಿಂತ ದೊಡ್ಡ ಸಮಸ್ಯೆ ಹೊಣೆಗಾರಿಕೆಯದು. ಮೀಟರಿನವರೆಗಿನ ವ್ಯವಸ್ಥೆ ವಿದ್ಯುತ್ ಕಂಪನಿಯದು. ಫ್ಲಾಟಿನ ಬಾಗಿಲೊಳಗಿನದು ಆಯಾ ಮಾಲೀಕರದು. ಈ ಎರಡರ ನಡುವೆ, ನೆಲಮಾಳಿಗೆಯ ಮೀಟರ್ ಕೋಣೆಯಿಂದ ಹೊರಟು ಗೋಡೆಯೊಳಗಿನ ಡಕ್ಟ್ ಮೂಲಕ ನಾಲ್ಕನೆಯ ಮಹಡಿಯವರೆಗೆ ಏರುವ ತಂತಿ ಯಾರದು? ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ (1972) ಸಾಮಾನ್ಯ ಪ್ರದೇಶಗಳ ನಿರ್ವಹಣೆಯನ್ನು ಮಾಲೀಕರ ಸಂಘಕ್ಕೆ ಒಪ್ಪಿಸುತ್ತದೆ. ಕಾಗದದ ಮೇಲೆ ಆ ತಂತಿಗೆ ವಾರಸುದಾರರಿದ್ದಾರೆ. ವ್ಯವಹಾರದಲ್ಲಿ ಅದು ಅನಾಥ. ಸಂಘದ ವಾರ್ಷಿಕ ಸಭೆಯಲ್ಲಿ ಬಣ್ಣ, ಲಿಫ್ಟ್, ಕೊಳವೆಬಾವಿ, ವಾಹನ ನಿಲುಗಡೆಯ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಡಕ್ಟಿನ ಬಾಗಿಲು ತೆರೆದು ನೋಡಿದವರು ವಿರಳ. ನೋಡಿದರೆ ಕಾಣುವುದು ಪೊರಕೆ, ಹಳೆಯ ಪತ್ರಿಕೆಗಳ ಕಟ್ಟು, ಬಣ್ಣದ ಡಬ್ಬ. ಬಾಡಿಗೆದಾರರಿಗೆ ಅದು ಮಾಲೀಕರ ತಲೆನೋವು. ಬೇರೆ ಊರಿನಲ್ಲಿರುವ ಮಾಲೀಕರಿಗೆ ಅದು ಸಂಘದ ತಲೆನೋವು.

ಈ ಉದಾಸೀನಕ್ಕೆ ತೆರಬೇಕಾದ ಬೆಲೆ ಎಂಥದೆಂಬುದನ್ನು ಈ ನಗರ ಕಂಡಿದೆ. 2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಡಕ್ಟ್‌ನಿಂದ ಎದ್ದ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. 9 ಮಂದಿ ಪ್ರಾಣ ಕಳೆದುಕೊಂಡರು. ಹೊಗೆ ತಾಳಲಾರದೆ ಕೆಲವರು ಕಿಟಕಿಗಳಿಂದ ಹಾರಿದ್ದರು. ಅದು ಕಚೇರಿಗಳಿದ್ದ ಕಟ್ಟಡ. ಆದರೆ ಡಕ್ಟ್ ಎಂಬುದು ಹೊಗೆಯ ಪಾಲಿಗೆ ಚಿಮಣಿಯಾಗುವ ರೀತಿ ವಸತಿ ಕಟ್ಟಡದಲ್ಲಿಯೂ ಬೇರೆಯಲ್ಲ.

ಹಾಗಾದರೆ ಅವಘಡದ ಹೊತ್ತಿನಲ್ಲಿ ಮಾಡಬೇಕಾದುದೇನು? ಮನೆಯ ದೀಪಗಳು ಇದ್ದಕ್ಕಿದ್ದಂತೆ ಅತಿಯಾಗಿ ಬೆಳಗಿ, ಪಕ್ಕದ ಮನೆಯಲ್ಲಿ ಮಂಕಾದರೆ ಅದು ನ್ಯೂಟ್ರಲ್ ತಂತಿ ಕಡಿದುಹೋದ ಲಕ್ಷಣ. ಮೂರು ಫೇಸ್‌ಗಳನ್ನು ಹಂಚಿಕೊಂಡಿರುವ ಕಟ್ಟಡದಲ್ಲಿ ಆಗ ಕೆಲವು ಮನೆಗಳಿಗೆ 230ರ ಬದಲು 400ರ ಸಮೀಪದ ವೋಲ್ಟೇಜ್ ನುಗ್ಗಬಹುದು. ಕಾರಣ ಅನೇಕ ವೇಳೆ ಮೀಟರ್ ಕೋಣೆಯ ಒಂದು ಸಡಿಲ ಜೋಡಣೆ. ಟಿ.ವಿ., ಫ್ರಿಜ್‌ಗಳನ್ನು ಒಂದೊಂದಾಗಿ ಆರಿಸುತ್ತ ಕೂರದೆ ಕೂಡಲೇ ಮನೆಯ ಮೈನ್ ಸ್ವಿಚ್ ಆರಿಸಿ, 1912ಕ್ಕೆ ಕರೆ ಮಾಡಿ, ನೆರೆಯವರಿಗೂ ತಿಳಿಸಬೇಕು.

ಸುಟ್ಟ ವಾಸನೆ ಬಂದರೂ ಮೊದಲ ಕೆಲಸ ಮೈನ್ ಸ್ವಿಚ್ ಆರಿಸುವುದೇ. ಆದರೆ ಬೆಂಗಳೂರಿನ ಮನೆಗಳಲ್ಲಿ ಒಂದು ಅಪಾಯ ಅಡಗಿದೆ. ಯುಪಿಎಸ್ ಇದ್ದರೆ ಮೈನ್ ಆರಿಸಿದ ಮೇಲೂ ಅದರ ತಂತಿಗಳಲ್ಲಿ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಅದನ್ನು ಪ್ರತ್ಯೇಕವಾಗಿ ಆರಿಸಬೇಕು. ವಿದ್ಯುತ್ ಬೆಂಕಿಗೆ ನೀರು ಎರಚಕೂಡದು. ಬೆಂಕಿ ಸಣ್ಣದಿದ್ದರೆ ಒಣಪುಡಿಯ ಅಥವಾ ಇಂಗಾಲಾಮ್ಲದ ಅಗ್ನಿಶಾಮಕ ಸಾಧನ ಬಳಸಬಹುದು. ಇಲ್ಲವಾದರೆ 112ಕ್ಕೆ ಕರೆ ಮಾಡಿ ಹೊರನಡೆಯುವುದೇ ಸರಿ. ಲಿಫ್ಟ್ ಬಳಸಬಾರದು. ಮೆಟ್ಟಿಲು ಹೊಗೆಯಿಂದ ತುಂಬಿದ್ದರೆ ಅದರಲ್ಲಿ ಇಳಿಯುವ ಸಾಹಸ ಬೇಡ. ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಬಾಲ್ಕನಿಯಲ್ಲಿ ನಿಂತು ಸಹಾಯಕ್ಕೆ ಕೂಗುವುದು ಕ್ಷೇಮ.

ಶಾಕ್ ಹೊಡೆದವರನ್ನು ಬರಿಗೈಯಲ್ಲಿ ಎಳೆಯಹೋಗಿ ಇನ್ನೊಂದು ಜೀವ ಹೋಗುವುದುಂಟು. ಮೊದಲು ಸ್ವಿಚ್ ಆರಿಸಬೇಕು. ಅದು ಕೈಗೆ ಸಿಗದಿದ್ದರೆ ಒಣಗಿದ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ಅವರನ್ನು ತಂತಿಯಿಂದ ಬೇರ್ಪಡಿಸಬೇಕು. ಪ್ರಜ್ಞೆ, ಉಸಿರಾಟ ಎರಡೂ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ 5 ಸೆಂ.ಮೀ. ಆಳಕ್ಕೆ ಒತ್ತುತ್ತಿರಬೇಕು. ಎದ್ದು ಕುಳಿತು ಏನೂ ಆಗಿಲ್ಲ ಎಂದವರನ್ನೂ ವೈದ್ಯರಿಗೆ ತೋರಿಸಬೇಕು; ಹೃದಯದ ಬಡಿತ ತಪ್ಪಿರುವುದು ಹೊರನೋಟಕ್ಕೆ ಕಾಣದು.

ಇಂಥ ಸಾವುಗಳನ್ನು ತಡೆಯುವುದಕ್ಕೆಂದೇ ಇರುವ ಸಾಧನ ಆರ್‌ಸಿಸಿಬಿ. ಎಂಸಿಬಿ ಕಾಯುವುದು ತಂತಿಯನ್ನು. ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. 30 ಮಿಲಿ ಆಂಪಿಯರ್‌ನಷ್ಟು ವಿದ್ಯುತ್ ದೇಹದ ಮೂಲಕವೋ ಬೇರೆ ದಾರಿಯಲ್ಲೋ ನೆಲಕ್ಕೆ ಸೋರಿದರೆ ಕ್ಷಣಾರ್ಧದಲ್ಲಿ ಅದು ಸಂಪರ್ಕ ಕಡಿಯುತ್ತದೆ. ವಿಪರ್ಯಾಸವೆಂದರೆ ಹಳೆಯ ಮನೆಗಳಲ್ಲಿ ನ್ಯೂಟ್ರಲ್ ತಂತಿಗಳು ಒಂದಕ್ಕೊಂದು ಬೆರೆತಿರುವುದರಿಂದ ಇದು ಪದೇ ಪದೇ ಬೀಳುತ್ತದೆ. ಆಗ ದೋಷ ಹುಡುಕುವ ಬದಲು ಸಾಧನವನ್ನೇ ಕಿತ್ತುಹಾಕುವವರಿದ್ದಾರೆ.

ಹಳೆಯ ಕಟ್ಟಡಗಳಲ್ಲಿ ನಿವೃತ್ತರೇ ಹೆಚ್ಚು, ಇಡೀ ವೈರಿಂಗ್ ಬದಲಿಸುವ ಖರ್ಚನ್ನು ಅವರು ಹೇಗೆ ಭರಿಸಿಯಾರು ಎಂಬ ಆಕ್ಷೇಪ ನ್ಯಾಯವಾದುದೇ. ಎಲ್ಲವನ್ನೂ ಒಮ್ಮೆಲೇ ಮಾಡಬೇಕಿಲ್ಲ. ಮೀಟರ್ ಕೋಣೆ ಮತ್ತು ಡಕ್ಟ್‌ಗಳನ್ನು ಬರಿದು ಮಾಡಲು, ಟೆರೇಸಿನ ಬಾಗಿಲು ಒಳಗಿನಿಂದ ತೆರೆಯುವಂತಿಡಲು, ಪ್ರತಿ ಸ್ವಿಚ್ಚಿನ ಮೇಲೆ ಫ್ಲಾಟಿನ ಸಂಖ್ಯೆ ಬರೆಯಲು ಹೆಚ್ಚು ಹಣ ಬೇಡ. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಜೋಡಣೆಗಳನ್ನೂ ಅರ್ಥಿಂಗನ್ನೂ ಪರೀಕ್ಷಿಸಿ, ಮನೆಗೊಂದು ಆರ್‌ಸಿಸಿಬಿ ಹಾಕಿಸುವುದು ಮುಂದಿನ ಹಂತ. ಡಕ್ಟಿನ ತಂತಿ ಬದಲಿಸುವುದು ಮೂರನೆಯದು. ಗೀಸರ್, ಹವಾನಿಯಂತ್ರಕಗಳಿಗೆ 4 ಚದರ ಮಿಲಿಮೀಟರಿನ ಪ್ರತ್ಯೇಕ ತಾಮ್ರದ ತಂತಿ ಎಳೆಯುವುದು ಆಯಾ ಮನೆಯವರ ಪಾಲಿನದು. ಮಂಜೂರಾದ ಲೋಡ್ ಮೀರಿದ್ದರೆ ಅದನ್ನು ಮುಚ್ಚಿಡದೆ ಹೆಚ್ಚಿಸಿಕೊಳ್ಳಬೇಕು. ಲೆಕ್ಕಕ್ಕೆ ಸಿಗದ ಲೋಡ್‌ನ ಶಾಖವನ್ನು ಉಣ್ಣುವುದು ಎಲ್ಲರಿಗೂ ಸೇರಿದ ಕೇಬಲ್.

ಬಣ್ಣ ಮಾಸಿದರೆ ಕಣ್ಣಿಗೆ ಕಾಣುತ್ತದೆ, ತಂತಿ ಮಾಸಿದ್ದು ಕಾಣುವುದಿಲ್ಲ. ಆದ್ದರಿಂದಲೇ ಅದು ಸಭೆಯ ಕಾರ್ಯಸೂಚಿಗೆ ತಾನಾಗಿ ಬರುವುದಿಲ್ಲ, ಯಾರಾದರೂ ತರಬೇಕು. ಮುಂದಿನ ಸಭೆಯಲ್ಲಿ ಆ ವಿಷಯವನ್ನೆತ್ತುವ ಸದಸ್ಯರು ಕೆಲವರಿಗೆ ತಲೆಹರಟೆಯೆನಿಸಬಹುದು. ಆ ಕಟ್ಟಡಕ್ಕೆ ಅವರಿಂದಾಗುವ ಉಪಕಾರ ಮಾತ್ರ ಸಣ್ಣದಲ್ಲ.